ಮರಡಿಯ ಮೇಲಿನ ಏಳು ಮನೆ

ನಮ್ಮ ಮನೆಗೆ ಗೋಡೆಗಳಿಗಿಂತ ಮೊದಲು ಸೂರು ಬಂತು. ನಾಲ್ಕು ಕಲ್ಲುಕಂಬ ನೆಟ್ಟು, ಹಳೇ ಮನೆಯಿಂದ ಬಿಚ್ಚಿ ತಂದ ತೊಲೆಗಳನ್ನು ಅದರ ಮೇಲೆ ಇಟ್ಟು, ತಗಡು ಬಿಗಿದು, ಅಪ್ಪ ನಮ್ಮನ್ನು ಅದರ ಕೆಳಗೆ ಕೂರಿಸಿದ. ಕೂತಲ್ಲಿಂದ ನಾಲ್ಕೂ ದಿಕ್ಕು ಕಾಣುತ್ತಿತ್ತು. ಒಂದು ಕಡೆ ಹೆದ್ದಾರಿ, ಅದರಲ್ಲಿ ಐಮಂಗಲ ದಾಟಿ ಹಿರಿಯೂರಿಗೆ ಹೋಗುವ ಲಾರಿಗಳು. ಇನ್ನೊಂದು ಕಡೆ ತಗ್ಗಿನಲ್ಲಿ ಒಡೆದುಹೋದ ಕೆರೆ, ಅದರ ಏರಿಯ ಕೆಳಗೆ ನಮ್ಮ ಹಳೇ ಊರು. ಹಿಂದಿನ ಮಳೆಗಾಲದಲ್ಲಿ ಒಂದು ಬೆಳಗಿನ ಜಾವ ಏರಿ ಕಿತ್ತುಹೋಗಿ ಊರಿನ ಅರ್ಧ ಮನೆಗಳು ಕುಸಿದಿದ್ದವು. ಸರ್ಕಾರದವರು ಬಂದು ನೋಡಿ, ಇನ್ನು ಇಲ್ಲಿರುವುದು ಬೇಡ ಎಂದು ಈ ಮರಡಿಯ ಮೇಲೆ ನಿವೇಶನ ಅಳೆದುಕೊಟ್ಟರು. ಮರಡಿ ಎಂದರೆ ನಮ್ಮ ಕಡೆ ಸಣ್ಣ ಗುಡ್ಡ. ಕಲ್ಲು, ಬಂದರೆ ಎಂಬ ಕುರುಚಲು ಗಿಡ, ಓತಿಕ್ಯಾತ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಆಗ ನನಗೆ ಒಂಬತ್ತು ವರ್ಷ. ತಂಗಿ ಕಮಲಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ಗೋಡೆಯೇ ಇಲ್ಲದ ಮನೆಯಲ್ಲಿ ಅವಳು ಬಾಗಿಲು ಎಲ್ಲಿ ಎಂದು ಕೇಳಿ ನಮ್ಮನ್ನು ನಗಿಸಿದ್ದಳು. ಅಪ್ಪ ಎರಡು ಕಲ್ಲಿಟ್ಟು "ಇದೇ ಬಾಗ್ಲು" ಎಂದ. ಆಮೇಲೆ ಅವಳು ಆ ಎರಡು ಕಲ್ಲಿನ ನಡುವೆಯೇ ಒಳಗೆ ಬರುತ್ತಿದ್ದಳು, ಹೊರಗೆ ಹೋಗುತ್ತಿದ್ದಳು.

ಅವ್ವನಿಗೆ ಬರಲು ಸುತಾರಾಂ ಇಷ್ಟವಿರಲಿಲ್ಲ. ಅವಳ ತವರು ಭರಮಸಾಗರ. ದೊಡ್ಡ ಕೆರೆಯ ಮಗ್ಗುಲಲ್ಲಿ ಹುಟ್ಟಿ ಬೆಳೆದವಳು. ನೀರಿಲ್ಲದ ಜಾಗದಲ್ಲಿ ಒಲೆ ಹಚ್ಚುವುದು ಅವಳ ಲೆಕ್ಕಕ್ಕೆ ಬರದ ಮಾತು. ಹಳೇ ಊರಿನ ಬಿರುಕುಬಿಟ್ಟ ಅಡುಗೆಮನೆಯಲ್ಲಿ ಅವರಿಬ್ಬರು ಆಡಿದ ಜಗಳ ನನಗೆ ಇನ್ನೂ ಕೇಳಿಸುತ್ತದೆ.

"ನೀರು ಬಂದ ಮ್ಯಾಲೆ ಹೋಗಾಣ ಕಣ್ರಿ. ಬಾವಿ ತೋಡ್ಲಿ, ನಾಕು ಜನ ಹೋಗ್ಲಿ, ಆಮೇಲೆ ನಾವು."

"ನಾಕು ಜನ ಹೋಗ್ಬೇಕಂದ್ರೆ ಮೊದ್ಲು ಒಬ್ಬ ಹೋಗ್ಬೇಕಲ್ಲ ಗೌರಿ. ಮನೆ ಇಲ್ಲದ ಕಡೆ ಬಾವಿ ತೋಡಲ್ಲ ಅಂತಾರೆ ಸಾಹೇಬ್ರು. ಬಾವಿ ಇಲ್ಲದ ಕಡೆ ಮನೆ ಕಟ್ಟಲ್ಲ ಅಂತಾರೆ ಊರೋರು. ಹಿಂಗೇ ಕುಂತ್ರೆ ಬರೋ ಮಳೆಗೆ ಉಳಿದಿದ್ದೂ ಹೋಗ್ತೈತೆ."

"ಆ ಒಬ್ಬ ನೀವೇ ಆಗ್ಬೇಕಾ?"

ಅಪ್ಪ ಮರುದಿನ ಗಾಡಿ ಕಟ್ಟಿದ. ನಮ್ಮನ್ನು ನೋಡಿ ಪಕ್ಕದ ಮನೆಯ ತಿಪ್ಪಣ್ಣಮಾವ ಹೊರಟ, ಅವನ ಹಿಂದೆ ಇನ್ನೂ ಐದು ಮನೆಯವರು ಬಂದರು. ಹೀಗೆ ಏಳು ಮನೆಯಾಯಿತು. ಮೊದಲ ದಿನ ಮೂರು ಕಲ್ಲಿನ ಒಲೆಯ ಮೇಲೆ ಅವ್ವ ಹಾಲುಕ್ಕಿಸಿದಳು. ಗಾಳಿಗೆ ಬೆಂಕಿ ನಿಲ್ಲದೆ ಏಳೂ ಮನೆಯ ಹೆಂಗಸರು ಸೆರಗು ಹಿಡಿದು ಸುತ್ತ ನಿಂತಿದ್ದರು. ಹಾಲು ಉಕ್ಕಿ ಒಲೆಯಲ್ಲಿ ಬಿದ್ದಾಗ ಎಲ್ಲರೂ "ಒಳ್ಳೇದಾತು, ಒಳ್ಳೇದಾತು" ಎಂದರು. ಅವ್ವ ಮಾತ್ರ ಪಾತ್ರೆ ತೊಳೆಯುವುದಕ್ಕೆ ನೀರು ಸಾಕಾಗುವುದಿಲ್ಲವಲ್ಲ ಎಂದು ಅದನ್ನೇ ನೋಡುತ್ತಿದ್ದಳು.

ಗೋಡೆ ಒಂದೊಂದಾಗಿ ಎದ್ದಿತು. ಮೊದಲು ಅಡುಗೆ ಮಾಡುವ ಮೂಲೆಗೆ, ಆಮೇಲೆ ಮಲಗುವ ಕಡೆಗೆ, ಕೊನೆಗೆ ಮುಂದಿನ ಅಂಕಣಕ್ಕೆ. ಮಣ್ಣು ಕಲೆಸಲೂ ನೀರು ಬೇಕಲ್ಲ, ಅದಕ್ಕೇ ಅಷ್ಟು ನಿಧಾನ. ಊಟ ಮಾಡಿದ ತಟ್ಟೆಗಳನ್ನು ಅವ್ವ ಬೂದಿಯಲ್ಲಿ ಉಜ್ಜಿ ಒಣಬಟ್ಟೆಯಲ್ಲಿ ಒರೆಸಿ ಇಡುತ್ತಿದ್ದಳು. ಮುದ್ದೆಗೆ ಹುರುಳಿ ಸಾರು ಮಾಡಿದ ದಿನ ಹುರುಳಿ ಬೇಯಿಸಿದ ಕಟ್ಟನ್ನು ಒಂದು ಹನಿ ಚೆಲ್ಲುವಂತಿರಲಿಲ್ಲ. ತಲೆಗೆ ನೀರೆರೆದುಕೊಳ್ಳುವುದು ಎಂಟು ದಿನಕ್ಕೊಮ್ಮೆ, ಅದೂ ಕಮಲಿಗೆ ಮೊದಲು, ಅವಳ ಕಾಲ ಕೆಳಗೆ ಇಟ್ಟ ಬೋಗುಣಿಯಲ್ಲಿ ಬಿದ್ದ ನೀರನ್ನು ಮತ್ತೆ ಗೋಡೆಯ ಮಣ್ಣಿಗೆ. ಕುಡಿಯುವ ನೀರನ್ನು ಹಳೇ ಊರಿನ ಸಿಹಿಬಾವಿಯಿಂದಲೇ ತರಬೇಕು. ಇಳಿಯಲು ಒಂದೂವರೆ ಮೈಲಿ, ತುಂಬಿದ ಕೊಡ ಹೊತ್ತು ಏರಲು ಅಷ್ಟೇ ಮೈಲಿ. ಬೆಳಿಗ್ಗೆ ಅವ್ವ ಎರಡು ಸಲ, ಸಂಜೆ ನಾನು ಒಂದು ಸಲ, ಸಣ್ಣ ಕೊಡದಲ್ಲಿ.

ಮರಡಿಯ ಬೆನ್ನಿಗೆ, ಕೂಗಳತೆಯಲ್ಲಿ, ಒಂದು ಕಲ್ಲುಗುಂಡಿ ಇತ್ತು. ಹೆದ್ದಾರಿಗೆ ಜಲ್ಲಿ ಒಡೆಯಲು ತೋಡಿದ್ದು. ಅದರಲ್ಲಿ ಮಳೆಯ ನೀರು ನಿಂತು ಬೇಸಿಗೆಯಲ್ಲೂ ಮೊಣಕಾಲುದ್ದ ಉಳಿಯುತ್ತಿತ್ತು, ಕೆಮ್ಮಣ್ಣಿನ ಬಣ್ಣದ ನೀರು. ಅಪ್ಪ ಏಳೂ ಮನೆಯ ಮುಂದೆ ನಿಂತು ಹೇಳಿಬಂದಿದ್ದ:

"ಗುಂಡಿ ನೀರು ದನಕ್ಕೆ. ದನಕ್ಕೆ ಮಿಕ್ಕಿದ್ರೆ ಮಾತ್ರ ಗೋಡೆಗೆ ತಗಳ್ರಿ. ಮನುಷ್ಯರು ಕುಡೀಕೂಡ್ದು. ಬಾವಿ ಬರೋತನಕ ಕಷ್ಟಪಡಾಣ."

ಇನ್ನು ಮುಂದೆ ಬರೆಯುವುದನ್ನು ನಾನು ಐವತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ಯುಗಾದಿ ಕಳೆದ ಮೇಲಿನ ಒಂದು ಸಂಜೆ. ಅವ್ವ ಮುಂದಿನ ಗೋಡೆಗೆ ಮಣ್ಣು ಮೆತ್ತುತ್ತಿದ್ದಳು. "ಸಾವಿ, ಹೊತ್ತಿಳೀತು, ಬಿರ್ರನೆ ಹೋಗಿ ಬಾ" ಎಂದಳು. ನಾನು ಕೊಡ ಎತ್ತಿಕೊಂಡು ಹೊರಟೆ. ಬೆಳಿಗ್ಗೆ ಕಾಲಿಗೆ ಮುಳ್ಳು ಮುರಿದು ಹಿಮ್ಮಡಿ ಊರಲಾಗುತ್ತಿರಲಿಲ್ಲ. ಅರ್ಧ ದಾರಿ ಇಳಿದು ಕೂತೆ. ಮುಂದೆ ಹೋಗಲು ಮನಸ್ಸಾಗಲಿಲ್ಲ. ಸುತ್ತಿ ಬಳಸಿ, ಯಾರಿಗೂ ಕಾಣದ ಹಾಗೆ ಕಲ್ಲುಗುಂಡಿಗೆ ಬಂದೆ. ಲಂಗದ ಅಂಚನ್ನು ಕೊಡದ ಬಾಯಿಗೆ ಕಟ್ಟಿ ನೀರು ಸೋಸಿದೆ. ಮೇಲಿನ ನೀರು ತಿಳಿಯಾಗಿಯೇ ಕಂಡಿತು. ಸಿಹಿಬಾವಿಗೆ ಹೋಗಿಬರುವಷ್ಟು ಹೊತ್ತು ಅಲ್ಲೇ ಬಂಡೆಯ ಮರೆಯಲ್ಲಿ ಕೂತಿದ್ದು ಮನೆಗೆ ಬಂದೆ. ಕಮಲಿ ತನ್ನ ಎರಡು ಕಲ್ಲಿನ ಬಾಗಿಲಲ್ಲಿ ನಿಂತು "ನಂಗೆ ಮೊದ್ಲು" ಎಂದು ಕೈ ಚಾಚಿದಳು. ನಾನೇ ಲೋಟಕ್ಕೆ ಬಗ್ಗಿಸಿ ಕೊಟ್ಟೆ. ಅವಳು ಕುಡಿದು, ಗಲ್ಲ ಒರೆಸಿಕೊಂಡು, ಇನ್ನೊಂದು ಲೋಟ ಕೇಳಿದಳು. ಅದನ್ನೂ ಕೊಟ್ಟೆ.

ಎರಡು ದಿನ ಬಿಟ್ಟು ಅವಳಿಗೆ ವಾಂತಿ ಭೇದಿ ಶುರುವಾಯಿತು. ಅವ್ವ ಮೊದಲು ಬಿಸಿಲಿಗೆ ಎಂದುಕೊಂಡಳು. ಗಂಜಿ ತಿಳಿ ಕೊಟ್ಟಳು, ದಾಳಿಂಬೆ ಸಿಪ್ಪೆಯ ಕಷಾಯ ಕೊಟ್ಟಳು. ಮರುದಿನ ಬೆಳಿಗ್ಗೆ ಮಗು ಸ್ವಲ್ಪ ಕಣ್ಣುಬಿಟ್ಟು ಮಾತಾಡಿತು. ಅಪ್ಪನಿಗೆ ಅವತ್ತೇ ಹಿರಿಯೂರಿನ ಕಚೇರಿಯಲ್ಲಿ ಬಾವಿಯ ವಿಷಯಕ್ಕೆ ಸಾಹೇಬರು ಬರಹೇಳಿದ್ದರು. ಹೋಗಲೋ ಬೇಡವೋ ಎಂದು ಎರಡು ಸಲ ಒಳಗೆ ಹೊರಗೆ ಓಡಾಡಿ, ಕೊನೆಗೆ "ಸಂಜೆ ಒಳಗೆ ಬಂದುಬಿಡ್ತೀನಿ" ಎಂದು ಹೋದ. ಮಧ್ಯಾಹ್ನದ ಹೊತ್ತಿಗೆ ಕಮಲಿಯ ಕಣ್ಣು ಗುಳಿಬಿದ್ದು, ಕೈಕಾಲು ತಣ್ಣಗಾದವು. ಗಂಡಸರೆಲ್ಲ ಹಳೇ ಊರಿನಲ್ಲಿ ಮನೆ ಬಿಚ್ಚುವ ಕೆಲಸಕ್ಕೆ ಹೋಗಿದ್ದರು, ಗಾಡಿಗಳೂ ಅಲ್ಲೇ. ಅವ್ವ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೆದ್ದಾರಿಗೆ ಓಡಿದಳು. ನಾನು ಹಿಂದೆ ಕುಂಟುತ್ತ ಓಡಿದೆ.

ಬಸ್ಸುಗಳು ಬಂದವು. ಯಾವುದೂ ನಿಲ್ಲಲಿಲ್ಲ. ಅಲ್ಲಿ ಊರಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅವ್ವ ಒಂದು ಕೈಯಲ್ಲಿ ಮಗುವನ್ನು ಹಿಡಿದು ಇನ್ನೊಂದು ಕೈಯಲ್ಲಿ ಸೆರಗು ಬೀಸುತ್ತಿದ್ದಳು. ಒಬ್ಬ ಡ್ರೈವರ್ ಮುಂದೆ ಐಮಂಗಲದ ಕಡೆ ಕೈ ತೋರಿಸಿ ಹಾಗೇ ಹೋದ. ಕೊನೆಗೆ ಒಂದು ಲಾರಿ ನಿಂತಿತು. ಡ್ರೈವರ್ ತಾನೇ ಇಳಿದು ಬಂದು ನಮ್ಮನ್ನು ಹತ್ತಿಸಿದ. ಹಿರಿಯೂರು ಇನ್ನೂ ಅರ್ಧ ದಾರಿ ಇರುವಾಗ ಅವ್ವ ಮಗುವಿನ ಮುಖವನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

"ನಿಲ್ಸಪ್ಪ," ಎಂದಳು. "ಇನ್ನು ಹೋಗೋದು ಬ್ಯಾಡ."

ಆ ಡ್ರೈವರ್ ಎದುರಿನಿಂದ ಬರುತ್ತಿದ್ದ ಇನ್ನೊಂದು ಲಾರಿಯನ್ನು ಕೈ ಅಡ್ಡ ಹಾಕಿ ನಿಲ್ಲಿಸಿ ನಮ್ಮನ್ನು ಅದಕ್ಕೆ ಹತ್ತಿಸಿ ಕಳಿಸಿದ. ನಾವು ವಾಪಸು ಬಂದಾಗ ತಿಪ್ಪಣ್ಣಮಾವನ ಹೆಂಡತಿ ಮಗುವನ್ನು ಇಸಕೊಂಡು ಮುಂದಿನ ಅಂಕಣದಲ್ಲಿ, ಇನ್ನೂ ಹಸಿಯಿದ್ದ ಗೋಡೆಯ ಪಕ್ಕ, ಚಾಪೆಯ ಮೇಲೆ ಮಲಗಿಸಿದಳು. ಹೊತ್ತು ಮುಳುಗುವ ಮುಂಚೆ ಅಪ್ಪ ಬಂದ. ಐಮಂಗಲದಲ್ಲಿ ಬಸ್ಸಿಳಿದು ನಡೆದು ಬಂದಿದ್ದ. ದೂರದಿಂದಲೇ ಕೈಯೆತ್ತಿ ಕೂಗಿದ:

"ಗೌರೀ, ಬಾವಿ ಮಂಜೂರಾತು!"

ಅವನು ನಗುತ್ತಲೇ ಹತ್ತಿರ ಬಂದು ಜನರನ್ನು ನೋಡಿದ, ಚಾಪೆಯನ್ನು ನೋಡಿದ. ಅವ್ವ ತಲೆಯೆತ್ತದೆ ಹೇಳಿದಳು:

"ನೋಡ್ರಿ, ನಿಮ್ಮೂರು ಮೊದ್ಲು ಏನು ತಿಂತು ಅಂತ ನೋಡ್ರಿ. ನೀರಿಲ್ಲದ ಕಡೆ ಮಕ್ಕಳನ್ನ ತಂದು ಕೊಂದ್ರಿ."

ನಾನು ತೊಲೆ ಹೊತ್ತ ಕಲ್ಲುಕಂಬ ಹಿಡಿದು ನಿಂತಿದ್ದೆ. ಗುಂಡಿ ನೀರಿನ ಮಾತು ನನ್ನ ಬಾಯಿಯವರೆಗೆ ಬಂತು. ಅಪ್ಪ ತಲೆತಗ್ಗಿಸಿ ಕೂತ. ಅವನು ಆ ಆರೋಪವನ್ನು ತನ್ನ ಮೇಲೆ ಎಳೆದುಕೊಂಡಾಗ ನನಗೆ ಮೊದಲು ಆದದ್ದು ನಿರಾಳ. ಅದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಆದದ್ದು ಅದೇ.

ಕಮಲಿಯನ್ನು ಮರಡಿಯ ಇಳಿಜಾರಿನಲ್ಲಿ ಮಣ್ಣು ಮಾಡಿದರು. ಹೊಸ ಊರಿನ ಮೊದಲ ಮಣ್ಣು ಅದು. ಈಗ ಅಲ್ಲೆಲ್ಲ ಮನೆಗಳೆದ್ದಿವೆ, ಇಂಥದ್ದೇ ಜಾಗ ಎಂದು ತೋರಿಸಲು ಯಾರಿಗೂ ಆಗುವುದಿಲ್ಲ. ಮೂರು ತಿಂಗಳಿಗೆ ಬಾವಿಯಲ್ಲಿ ನೀರು ಬಿತ್ತು. ಅಪ್ಪ ವಾಪಸು ಹಳೇ ಊರಿಗೆ ಹೋಗುತ್ತಾನೆಂದು ಉಳಿದವರು ಕಾಯುತ್ತಿದ್ದರು. ಅವನು ಹೋದರೆ ಎಲ್ಲರೂ ಹೋಗುವವರಿದ್ದರು. ಅಪ್ಪ ಹೋಗಲಿಲ್ಲ. ದಿನಾ ಹೆದ್ದಾರಿಯ ಬದಿಯಲ್ಲಿ ನಿಂತು ಬಸ್ಸುಗಳಿಗೆ ಕೈ ಮಾಡುತ್ತಿದ್ದ. ಒಂದು ದಿನ ರಸ್ತೆಯ ನಡುವೆಯೇ ಕೂತುಬಿಟ್ಟ. ಅರ್ಜಿ ಬರೆದ, ಕಚೇರಿ ಸುತ್ತಿದ. ವರ್ಷದೊಳಗೆ ಬಸ್ಸು ನಿಂತವು. ಬಸ್ಸು ನಿಂತ ಮೇಲೆ ಒಂದು ಹೋಟೆಲು, ಆಮೇಲೆ ಶಾಲೆ, ಸಂತೆ. ಏಳು ಮನೆ ನೂರಾಯಿತು, ಊರಿಗೆ ಮರಡಿನಗರ ಎಂದು ಹೆಸರಾಯಿತು.

ನಮ್ಮ ಮನೆಯೊಳಗೆ ಮಾತ್ರ ಮಾತು ನಿಂತಿತು. ಅವ್ವ ಅಪ್ಪನ ಜೊತೆ ನೇರವಾಗಿ ಮಾತಾಡುವುದನ್ನು ಬಿಟ್ಟಳು. "ನಿಮ್ಮಪ್ಪಗೆ ಹೇಳು, ಎಣ್ಣೆ ಮುಗಿದೈತೆ." "ನಿಮ್ಮಪ್ಪ ಉಣ್ತಾರಾ ಕೇಳು." ಮೂರಡಿ ದೂರದಲ್ಲಿ ಕೂತ ಅಪ್ಪನಿಗೆ ನಾನು ಅದನ್ನು ಹೇಳಬೇಕಿತ್ತು. ಅಪ್ಪ ಮುಂದಿನ ಅಂಕಣದಲ್ಲಿ ಉಣ್ಣುತ್ತಿದ್ದ. ಅವ್ವ ಮುದ್ದೆಯ ತಟ್ಟೆಯನ್ನು ನನ್ನ ಕೈಯಲ್ಲಿ ಕಳಿಸುತ್ತಿದ್ದಳು. ಹಬ್ಬದ ದಿನ ಎಡೆ ಇಡುವಾಗ ಇಬ್ಬರೂ ಪಕ್ಕಪಕ್ಕ ನಿಂತು ಕೈಮುಗಿಯುತ್ತಿದ್ದರು, ಮುಗಿದ ತಕ್ಷಣ ಬೇರೆಯಾಗುತ್ತಿದ್ದರು. ಅವಳ ಮಾತನ್ನು ಅವನಿಗೆ, ಅವನ ಮಾತನ್ನು ಅವಳಿಗೆ ದಾಟಿಸುತ್ತ ನಾನು ದೊಡ್ಡವಳಾದೆ. ಒಳ್ಳೆಯ ಹುಡುಗಿ ಎಂದು ಹೆಸರು ತೆಗೆದುಕೊಂಡೆ. ಯಾರೇ ಏನೇ ಹೇಳಿದರೂ ಮಾಡುತ್ತಿದ್ದೆ, ಎದುರು ಮಾತಾಡುತ್ತಿರಲಿಲ್ಲ. ಒಳಗಿನದನ್ನು ಮುಚ್ಚಿಕೊಳ್ಳಲು ಅದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿರಲಿಲ್ಲ. ಮುಂದೆ ಹೊಳಲ್ಕೆರೆಗೆ ಮದುವೆಯಾಗಿ ಹೋಗಿ ಅಲ್ಲೇ ಶಾಲೆಯಲ್ಲಿ ಟೀಚರಾದೆ. ಬೆಳಿಗ್ಗೆ ತರಗತಿಗೆ ಹೋದವಳು ಮೊದಲು ಮಕ್ಕಳ ನೀರಿನ ಬಾಟಲಿ ನೋಡುತ್ತೇನೆ. ಅದಕ್ಕೇ ಮಕ್ಕಳು ನನ್ನನ್ನು ನೀರಿನ ಮಿಸ್ ಎನ್ನುತ್ತಾರೆ.

ಅಪ್ಪನ ಕೊನೆಯ ದಿನಗಳಲ್ಲಿ ಒಮ್ಮೆ, ಅವ್ವ ಹಿತ್ತಲಲ್ಲಿದ್ದಾಗ, ಹೇಳಿಬಿಡೋಣ ಎಂದು ಅವನ ಹಾಸಿಗೆಯ ಪಕ್ಕ ಕೂತೆ.

"ಅಪ್ಪಾ, ಕಮಲಿ ಹೋದಾಗ..." ಎಂದೆ.

ಅವನು ನನ್ನ ಕೈ ಮೇಲೆ ಕೈಯಿಟ್ಟ. "ಇಸ್ಕೂಲಿಗೆ ರಜಾ ಹಾಕಿದೀಯೇನವ್ವ? ಮಕ್ಕಳ ಪಾಠ ಕೆಡ್ತೈತೆ, ಹೋಗು" ಎಂದ. ನಾನು ಎದ್ದೆ. ವಾರದ ಮೇಲೆ ಅವನು ತೀರಿಕೊಂಡ. ಅವ್ವನನ್ನು ನಾನು ಹೊಳಲ್ಕೆರೆಗೆ ಕರೆದುಕೊಂಡು ಬಂದೆ. ಇದಾಗಿ ಹನ್ನೆರಡು ವರ್ಷ.

ಈ ವರ್ಷ ತಿಪ್ಪಣ್ಣಮಾವನ ಮಗ ಪ್ರಸನ್ನ ಫೋನ್ ಮಾಡಿದ. ಮರಡಿಯ ಮೇಲೆ ಹುಟ್ಟಿದ ಮೊದಲ ಮಗು ಅವನು, ಈಗ ಸುವರ್ಣ ಮಹೋತ್ಸವ ಸಮಿತಿಯ ಅಧ್ಯಕ್ಷ.

"ಅಕ್ಕ, ಊರಿಗೆ ಐವತ್ತು ವರ್ಷ ತುಂಬ್ತೈತೆ. ಏಳು ಮನೆಯೋರಿಗೂ ಸನ್ಮಾನ. ನಿಮ್ಮಪ್ಪಾರ ಫೋಟೋ ದೊಡ್ಡದಾಗಿ ಹಾಕ್ಸೀವಿ. ದೊಡ್ಡವ್ವನ ಕರ್ಕಂಡು ಬರ್ಲೇಬೇಕು. ನೀವು ಎರಡು ಮಾತಾಡ್ಬೇಕು."

ಅವ್ವ ಬರುವುದಿಲ್ಲ ಎನ್ನುತ್ತಾಳೆಂದು ನಾನು ಎಣಿಸಿದ್ದೆ. ಅವಳು ಸೀರೆ ಆರಿಸಿ ಇಟ್ಟುಕೊಂಡಳು. ಸಮಾರಂಭದ ಬೆಳಿಗ್ಗೆ ಮರಡಿನಗರದಲ್ಲಿ ಬಸ್ಸಿಳಿದಾಗ ಫ್ಲೆಕ್ಸಿನಲ್ಲಿ ಅಪ್ಪ ಕೈಮುಗಿದು ನಿಂತಿದ್ದ, ಕೆಳಗೆ ಊರಿನ ನಿರ್ಮಾತೃ ಎಂದು ಬರೆದಿತ್ತು. ನಮ್ಮ ಮನೆಯನ್ನು ಬಾಡಿಗೆಗೆ ಹಿಡಿದ ಜೆರಾಕ್ಸ್ ಅಂಗಡಿಯವನು ಒಳಕೋಣೆಯಲ್ಲಿ ನಮ್ಮನ್ನು ಕೂರಿಸಿ ಟೀ ತರಲು ಹೋದ. ಅದು ಅವ್ವನ ಹಳೆಯ ಅಡುಗೆಮನೆ. ಅವಳು ಗೋಡೆ ಮುಟ್ಟಿ ನೋಡುತ್ತ ಕೂತಳು. ಹೊರಗೆ ಡೊಳ್ಳು ಕೇಳುತ್ತಿತ್ತು. ಅಪ್ಪನನ್ನು ಹೊಗಳಿ ಬರೆದ ಹಾಳೆ ನನ್ನ ಬ್ಯಾಗಿನಲ್ಲಿತ್ತು. ಅದನ್ನು ಓದಲು ನನ್ನಿಂದಾಗದು ಎಂದು ಅಲ್ಲಿ ಕೂತಾಗ ಗೊತ್ತಾಯಿತು. ಒಂದೇ ಉಸಿರಿಗೆ ಅವ್ವನಿಗೆ ಹೇಳಿದೆ, ಮುಳ್ಳು, ಗುಂಡಿ, ಲಂಗದ ಅಂಚು, ಎರಡು ಲೋಟ, ಎಲ್ಲ.

ಅವ್ವ ಗೋಡೆಯಿಂದ ಕೈ ತೆಗೆಯಲಿಲ್ಲ.

"ಗೊತ್ತಿತ್ತು ಕಣೆ."

ನನಗೆ ಕೇಳಿಸಿದ್ದು ಸರಿಯೇ ಎಂದು ಅವಳ ಮುಖ ನೋಡಿದೆ.

"ಮಣ್ಣು ಮಾಡಿ ಬಂದ ಮ್ಯಾಲೆ ನಿನ್ನ ಸಣ್ಣ ಕೊಡ ತೊಳೆಯಾಕೆ ಬಗ್ಗಿಸ್ದೆ. ತಳದಾಗೆ ಕೆಮ್ಮಣ್ಣು ಇತ್ತು. ಸಿಹಿಬಾವಿ ನೀರಾಗೆ ಕೆಮ್ಮಣ್ಣು ಎಲ್ಲಿಂದ ಬರ್ತೈತೆ? ನಿಮ್ಮಪ್ಪಗೆ ತೋರಿಸ್ದೆ. ಅವ್ರು ಕೊಡ ಇಸ್ಕಂಡು ತಾವೇ ತೊಳೆದ್ರು. 'ಕೂಸು ಅದು ಗೌರಿ, ಕೇಳಬ್ಯಾಡ. ಕೇಳಿದ್ರೆ ಜೀವಮಾನ ಎಲ್ಲ ಅದನ್ನೇ ಹೊತ್ಕಂಡು ತಿರುಗ್ತೈತೆ. ನನ್ ಮ್ಯಾಲೆ ಹಾಕಿದೀಯಲ್ಲ, ಹಂಗೇ ಇರ್ಲಿ ಬಿಡು' ಅಂದ್ರು."

"ಮತ್ಯಾಕೆ ಅಪ್ಪನ ಜೊತೆ ಮಾತು ಬಿಟ್ಟೆ ಅವ್ವಾ?"

"ಮೊದ್ಲು ನಿನಗೋಸ್ಕರ ಅಂತ್ಲೇ. ಅವ್ರ ಮ್ಯಾಲೆ ಸಿಟ್ಟಿದ್ರೆ ನಿನಗೆ ಅನುಮಾನ ಬರಲ್ಲ ಅಂತ. ಆಮ್ಯಾಲೆ ಆ ಸಿಟ್ಟು ದಿಟದ್ದೇ ಆಗೋತು. ಹೆಂಗೆ ಬಿಡಬೇಕು ಅಂತ ತಿಳೀಲಿಲ್ಲ."

ಅಷ್ಟರಲ್ಲಿ ಪ್ರಸನ್ನ ಬಾಗಿಲಲ್ಲಿ ಬಂದು "ಬರ್ರಿ ದೊಡ್ಡವ್ವ, ಎಲ್ಲಾ ಕಾಯ್ತಾ ಅವ್ರೆ" ಎಂದ. ಅವ್ವ ನನ್ನ ಭುಜ ಹಿಡಿದು ಎದ್ದಳು.

ಶಾಲೆಯ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ಏಳು ಮನೆಯವರಿಗೂ ಶಾಲು ಹೊದಿಸಿದರು. ಆ ಕಾಲದ ದೊಡ್ಡವರಲ್ಲಿ ಉಳಿದದ್ದು ಇಬ್ಬರೇ, ಅವ್ವ ಮತ್ತು ತಿಪ್ಪಣ್ಣಮಾವ. ಉಳಿದ ಐದು ಮನೆಗಳ ಪರವಾಗಿ ಮಕ್ಕಳು ಬಂದಿದ್ದರು. ಮೈಕಿನ ಮುಂದೆ ನಿಂತಾಗ ಹಾಳೆಯನ್ನು ಹೊರಗೆ ತೆಗೆಯಲಿಲ್ಲ. ನನ್ನ ತಂಗಿಯ ಹೆಸರು ಹೇಳಿದೆ. ಈ ಊರಿನ ಮಣ್ಣಿಗೆ ಮೊದಲು ಹೋದವಳು ಅವಳು, ಅದಕ್ಕೆ ಊರೆಲ್ಲ ನಮ್ಮಪ್ಪನನ್ನು ಮರೆಯಲ್ಲಿ ದೂರಿತು, ಆದರೆ ಕುಡಿಯಬಾರದ ನೀರು ತಂದು ಕುಡಿಸಿದವಳು ನಾನು, ಎಂದೆ. ಆಗ ವೇದಿಕೆಯ ಮೇಲೆ ನನ್ನ ಪಕ್ಕದ ಕುರ್ಚಿಯಿಂದ ತಿಪ್ಪಣ್ಣಮಾವ ಕೋಲೂರಿ ಎದ್ದ. ಮೈಕು ಅವನ ಧ್ವನಿಯನ್ನು ಅರ್ಧ ಹಿಡಿಯಿತು, ಅರ್ಧ ಬಿಟ್ಟಿತು.

"ಅಲ್ಲ ಸಾವಿತ್ರಮ್ಮ. ಆ ಬೇಸಿಗೆ ನಾವೆಲ್ಲಾ ಗುಂಡಿ ನೀರೇ ಕುಡ್ದಿದ್ದು. ಒಂದು ದಿನ ಅಲ್ಲ, ದಿನಾ. ನನ್ ಹೆಂಡ್ತಿ ಅಲ್ಲಿಂದ್ಲೇ ತರ್ತಿದ್ಲು. ಆಗ ಬಸುರಿ, ಒಂದೂವರೆ ಮೈಲಿ ಹೊರಾಕೆ ಆಗ್ತಿರ್ಲಿಲ್ಲ. ಉಳಿದೋರೂ ಅಷ್ಟೇ. ನಿಮ್ಮಪ್ಪನಿಗೆ ಹೆದರಿ ಬಾಯಿ ಬಿಡ್ಲಿಲ್ಲ. ಕಮಲಿ ದಿನಾ ನಮ್ಮನೆಗೆ ಆಡಾಕೆ ಬರ್ತಿತ್ತು, ನಮ್ಮನೆ ನೀರೇ ಕುಡೀತಿತ್ತು. ನಮ್ಮ ಮಕ್ಕಳಿಗೆ ಏನೂ ಆಗ್ಲಿಲ್ಲ. ಆ ಕೂಸು ಯಾಕೆ ಹೋತು, ಯಾವ ನೀರಿಗೆ ಹೋತು, ದೇವರಿಗೇ ಗೊತ್ತು."

ನಾನು ಅವ್ವನ ಕಡೆ ತಿರುಗಿದೆ. ಅವಳು ತಿಪ್ಪಣ್ಣಮಾವನನ್ನೇ ನೋಡುತ್ತಿದ್ದಳು. ಪ್ರಸನ್ನ ಮೈಕು ಹಿಡಿದು ಏನೋ ಹೇಳಿದ, ಮುಂದಿನ ಕಾರ್ಯಕ್ರಮ ಶುರುವಾಯಿತು. ಇಳಿಯುವಾಗ ಅವ್ವ ತಿಪ್ಪಣ್ಣಮಾವನ ಮುಂದೆ ನಿಂತಳು.

"ಒಂದೇ ಗೋಡೆ ಪಕ್ಕ ಇದ್ದೆ. ಒಂದು ಮಾತು ಹೇಳ್ಲಿಲ್ವಲ್ಲೋ ತಿಪ್ಪಣ್ಣ."

"ಹೆಂಗೆ ಹೇಳ್ಲಿ ಅತ್ತಿಗೆ? ನಿಮ್ಮ ಕೂಸು ಹೋಗಿತ್ತು, ನನ್ನವು ಇದ್ವು."

ಊಟಕ್ಕೆ ಪ್ರಸನ್ನ ಎಷ್ಟು ಹೇಳಿದರೂ ಅವ್ವ ನಿಲ್ಲಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಚಿತ್ರದುರ್ಗಕ್ಕೆ ಬಂದು, ಅಲ್ಲಿಂದ ಹೊಳಲ್ಕೆರೆಯ ಬಸ್ಸು ಹತ್ತಿದೆವು. ಅವ್ವ ಶಾಲನ್ನು ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅಪ್ಪ ತೀರಿಕೊಂಡ ದಿನ ಅವಳು ಅತ್ತಿರಲಿಲ್ಲ. ಬಂದವರಿಗೆಲ್ಲ ನೀರು ಕೊಟ್ಟು, ಅಡುಗೆಯವರಿಗೆ ಅಕ್ಕಿ ಅಳೆದುಕೊಟ್ಟು, ಒಣಗಿದ ಕಣ್ಣಿನಲ್ಲಿ ಓಡಾಡಿದ್ದಳು. ಬಸ್ಸು ಚಿತ್ರದುರ್ಗ ದಾಟಿ ಸ್ವಲ್ಪ ದೂರ ಬಂದಿತ್ತು. ಅವಳು ಮೆಲ್ಲಗೆ ಮುಂದಕ್ಕೆ ಹಿಂದಕ್ಕೆ ತೂಗತೊಡಗಿದಳು. ಆಮೇಲೆ ದನಿ ಎದ್ದಿತು. ಹೆಣದ ಮುಂದೆ ಕೂತು ಹೆಂಗಸರು ಅಳುವ ಹಾಗೆ, ಹಾಡಿಕೊಂಡು, "ನನ್ನ ದೊರೆಯೇ, ಒಬ್ಬರನ್ನೇ ಕೂರಿಸಿ ಉಣ್ಣಿಸಿದ್ನಲ್ಲೋ ನನ್ನಪ್ಪ, ಒಂದು ಮಾತಿಗೆ ಕಾಯಿಸಿ ಕಳಿಸಿದ್ನಲ್ಲೋ" ಎಂದು ಅಳತೊಡಗಿದಳು. ಬಸ್ಸಿನವರೆಲ್ಲ ತಿರುಗಿ ನೋಡಿದರು. ನಾನು ಸಮಾಧಾನ ಮಾಡಲು ಹೋಗಲಿಲ್ಲ, ಅವಳ ಬೆನ್ನ ಮೇಲೆ ಕೈಯಿಟ್ಟು ಕೂತೆ. ಕಂಡಕ್ಟರ್ ಹತ್ತಿರ ಬಂದು ಬಗ್ಗಿ ಕೇಳಿದ:

"ಯಾರು ಹೋದ್ರು ಮೇಡಮ್ಮೋರೆ?"

"ನಮ್ಮಪ್ಪ," ಎಂದೆ.

ಅವನು ಯಾವಾಗ ಎಂದು ಕೇಳಲಿಲ್ಲ. ಮುಂದಿನ ಸೀಟಿನವರನ್ನು ಎಬ್ಬಿಸಿ, ಅವ್ವನಿಗೆ ಗಾಳಿ ಬರಲಿ ಎಂದು ಕಿಟಕಿಯ ಪಕ್ಕ ಜಾಗ ಮಾಡಿಕೊಟ್ಟ.